ಆಕಾಶವಾಣಿಯ ಗೋಪಾಲಸ್ವಾಮಿಯವರು

ಮೊನ್ನೆ ದಹಿಸರದಲ್ಲಿ, ರೈಲ್ವೆ ನಿಲ್ದಾಣಕ್ಕೆ ಸಮೀಪದ ಒಂದು ಹೋಟೆಲಿನಲ್ಲಿ ನಾವು ಚಹಾ ಕುಡಿಯುತ್ತ ಕುಳಿತಿದ್ದಾಗ, ಗಲ್ಲಾದಲ್ಲಿದ್ದ ತರುಣನೊಬ್ಬನು ಬಿಡುವು ದೊರೆತಾಗಲೆಲ್ಲ ಒಂದು ಸಣ್ಣ ಪುಸ್ತಕವನ್ನು ಬಿಡಿಸಿ ಓದುತ್ತಿದ್ದುದು ಕಣ್ಣಿಗೆ ಬಿತ್ತು. ವಿಚಾರಿಸಲಾಗಿ, ಅದು ಹವ್ಯಾಸಿ ಬಾನುಲಿಯ ಪರೀಕ್ಷೆಯ ಪುಸ್ತಕವೆಂದೂ, ಕೇಂದ್ರ ಸರಕಾರವು ನಡೆಸುವ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತನ್ನದೇ ಆದ ಒಂದು ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳುವುದು ತನ್ನ ಅಭಿಲಾಷೆಯೆಂದೂ ತಿಳಿಸಿದನು. ಹತ್ತನೆಯ ತರಗತಿಯ ಆಚೆಗೆ ಓದದ ತನ್ನಂಥವನಿಗೆ ಇದು ಸಲ್ಲುವುದೇ ಎಂಬ ಸಂಶಯ ಅವನನ್ನು ಕಾಡುತ್ತಿತ್ತು. ಕಿಸೆಯಲ್ಲಿ ಮೊಬೈಲ್ ಇರುವಾಗ ಇದೇನು ಹುಚ್ಚು ಎಂದು ಜೊತೆಯವರು ನಗುತ್ತಿದ್ದರಂತೆ. ಅವನಿಗೆ ನಾವು ಅಂದು ಹೇಳತೊಡಗಿದ್ದು ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ವೃತ್ತಾಂತವನ್ನು. ಗಿರಾಕಿಗಳ ಗದ್ದಲದಲ್ಲಿ ಅರ್ಧಕ್ಕೇ ನಿಂತ ಆ ಮಾತನ್ನು ಇಲ್ಲಿ ಪೂರ್ಣಗೊಳಿಸುತ್ತಿದ್ದೇವೆ.

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ತಂತಿ ಇಲಾಖೆಯ ಅಧಿಕಾರಿಗಳೂ ಅಲ್ಲ. ಅವರ ವಿಷಯ ಮನಶ್ಶಾಸ್ತ್ರ. ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯನ್ನು ಅಳೆಯುವ ವಿಧಾನಗಳಿಗಾಗಿ ಜಗತ್ಪ್ರಸಿದ್ಧರಾಗಿದ್ದ ಚಾರ್ಲ್ಸ್ ಸ್ಪಿಯರ್‌ಮನ್ನರ ಕೈಕೆಳಗೆ ವ್ಯಾಸಂಗ ಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದವರು. ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರ್ ಆಗಿದ್ದ ಕಾಲದಲ್ಲಿ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಗೋಪಾಲಸ್ವಾಮಿಯವರು. ಭಾರತದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಅದೇ ಮೊದಲ ಸಾಲಿನದು. ಪರದೇಶದ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಅಳವಡಿಸಿದ ಕೀರ್ತಿಯೂ ಅವರದು. ಇಷ್ಟರಿಂದಲೇ ಒಬ್ಬ ಅಧ್ಯಾಪಕನ ಜೀವನವು ಸಾರ್ಥಕವೆನಿಸಿಕೊಳ್ಳುತ್ತಿತ್ತು. ಆದರೆ ಅವರ ಮನಸ್ಸು ಕಾಲೇಜಿನ ಗೋಡೆಗಳ ಆಚೆಗೂ ಹರಿಯಿತು.

ಅಂದಿನ ಬಾನುಲಿಯ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಶದಲ್ಲಿ ಪ್ರಸಾರವು ಹುಟ್ಟಿದ್ದೇ ಹವ್ಯಾಸಿಗಳ ಕೈಯಲ್ಲಿ. 1923ರಲ್ಲಿ ಮುಂಬಯಿಯ ರೇಡಿಯೋ ಕ್ಲಬ್ಬು, 1924ರಲ್ಲಿ ಮದರಾಸಿನಲ್ಲಿ ಕೃಷ್ಣಸ್ವಾಮಿ ಚೆಟ್ಟಿಯವರು ಹುಟ್ಟುಹಾಕಿದ ಕ್ಲಬ್ಬು, ಇವೆಲ್ಲ ಉತ್ಸಾಹಿಗಳ ಕೂಟಗಳೇ ಹೊರತು ಸರಕಾರದ ಕಚೇರಿಗಳಲ್ಲ. 1927ರ ಜುಲೈ 23ರಂದು ಮುಂಬಯಿಯಲ್ಲಿಯೇ ಒಂದು ಖಾಸಗಿ ಕಂಪನಿಯು ಕ್ರಮಬದ್ಧ ಪ್ರಸಾರವನ್ನು ಆರಂಭಿಸಿ, ಮೂರು ವರ್ಷಗಳೊಳಗೆ ನಷ್ಟದಲ್ಲಿ ಮುಳುಗಿಹೋಯಿತು. 1933ರ ಕಾಯಿದೆಯ ಪ್ರಕಾರ ಬಾನುಲಿಯ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಾಯಿತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದುದು ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು. ಕಂಪನಿಯೇ ಸೋತ ಕೆಲಸಕ್ಕೆ ಒಬ್ಬ ಪ್ರೊಫೆಸರರು ಕೈಯಿಕ್ಕಿದರು.

1935ರ ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ವಿಠಲ ವಿಹಾರವೆಂಬ ಮನೆಯಿಂದ, ಕೇವಲ 30 ವಾಟ್ ಶಕ್ತಿಯ ಪ್ರೇಷಕದ ಮೂಲಕ ಗೋಪಾಲಸ್ವಾಮಿಯವರು ಪ್ರಸಾರವನ್ನು ಆರಂಭಿಸಿದರು. 30 ವಾಟ್ ಎಂದರೆ ಹೋಟೆಲಿನ ಗೋಡೆಯ ಮೇಲೆ ನಾವು ಬಹುಕಾಲ ಉರಿಸುತ್ತಿದ್ದ ಒಂದು ಟ್ಯೂಬ್‌ಲೈಟಿಗಿಂತಲೂ ಕಡಿಮೆ! ದಿಲ್ಲಿಯ ಸರಕಾರದ ಪ್ರಸಾರಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದುದು ಮರುವರ್ಷ, 1936ರಲ್ಲಿ, ಎಂಬುದನ್ನು ಗಮನಿಸಬೇಕು.

ಯಂತ್ರವನ್ನು ನಿಲ್ಲಿಸುವುದು ಒಂದು ದಿನದ ಕೆಲಸ. ಅದರ ಹೊಟ್ಟೆಯನ್ನು ದಿನದಿನವೂ ತುಂಬುವುದು ಬೇರೆಯೇ ಕೆಲಸ. ಹೋಟೆಲ್ ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಗೀತಗಾರರನ್ನು ಕರೆತರಬೇಕು, ಭಾಷಣಕಾರರನ್ನು ಒಪ್ಪಿಸಬೇಕು, ವಾಲ್ವು ಸುಟ್ಟರೆ ಹೊಸತನ್ನು ತರಿಸಬೇಕು. ಕಾಲೇಜಿನ ಪಾಠವೂ ತಪ್ಪುವಂತಿಲ್ಲ. ಕೈಯಿಂದ ಹಣ ಸುರಿದು, ಪೌರಸಭೆಯ ಮತ್ತು ಸಾರ್ವಜನಿಕರ ನೆರವನ್ನು ಕೂಡಿಸಿಕೊಂಡು, ಅವರು ಸುಮಾರು ಆರು ವರ್ಷಗಳ ಕಾಲ ಈ ನಿಲಯವನ್ನು ಸಾಗಿಸಿದರು. 30 ವಾಟಿನ ಸ್ಥಾನದಲ್ಲಿ 250 ವಾಟಿನ ಪ್ರೇಷಕವೂ ಬಂದಿತು.

ನಿಲಯಕ್ಕೆ ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದವರು ಅವರ ಸಹೋದ್ಯೋಗಿಗಳಾಗಿದ್ದ ಸಾಹಿತಿ ನಾ. ಕಸ್ತೂರಿಯವರೆಂಬುದು ಪ್ರಸಿದ್ಧವಾಗಿದೆ. ದೇವಕಿಯ ಮದುವೆಯ ದಿಬ್ಬಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಯಕ್ಷಗಾನದ ರಂಗಸ್ಥಳದಲ್ಲಿ ಎಷ್ಟೋ ಸಲ ಕೇಳಿದ ನಮ್ಮ ಜನರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕೇ? ಮುಂದೆ 1950ರ ದಶಕದಲ್ಲಿ ಇಡೀ ಭಾರತದ ಬಾನುಲಿಯು ಅದೇ ಹೆಸರನ್ನು ಧರಿಸಿತು.

1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. ತಾನು ಸಾಕಿದ ಕೂಸನ್ನು ಇನ್ನೊಬ್ಬರ ಕೈಗಿತ್ತವರ ಮನಸ್ಸು ಹೇಗಿತ್ತೋ; ಕಟ್ಟುವುದಕ್ಕಿಂತ ಬಿಟ್ಟುಕೊಡುವುದೇ ಕಠಿನವೆಂದು ನಮಗೆ ತೋರುತ್ತದೆ. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಹೋಗಿ, ಮೈಸೂರು ತನ್ನ ವಾಣಿಯನ್ನು ಕಳೆದುಕೊಂಡಿತು. 1957ರಲ್ಲಿ ಗೋಪಾಲಸ್ವಾಮಿಯವರು ತೀರಿಕೊಂಡರು. ಮೈಸೂರಿಗೆ ಮತ್ತೆ ನಿಲಯ ಬಂದುದು 1974ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ.

ಇನ್ನು ನಮ್ಮ ದಹಿಸರದ ತರುಣನ ವಿಷಯ. ಇಂದಿನ ಹವ್ಯಾಸಿ ಲೈಸೆನ್ಸಿನಲ್ಲಿ ಗೋಪಾಲಸ್ವಾಮಿಯವರಂತೆ ಸಂಗೀತವನ್ನು ಪ್ರಸಾರ ಮಾಡುವಂತಿಲ್ಲ, ವ್ಯಾಪಾರದ ಮಾತೂ ಸಲ್ಲದು. ಒಬ್ಬ ಹವ್ಯಾಸಿ ಇನ್ನೊಬ್ಬ ಹವ್ಯಾಸಿಯೊಡನೆ ಸಂಭಾಷಿಸಬಹುದು, ಪ್ರಯೋಗ ನಡೆಸಬಹುದು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. ವಿದ್ಯುತ್ತು ಮತ್ತು ಬಾನುಲಿಯ ಮೂಲತತ್ತ್ವಗಳು ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಕೆಳಗಿನ ದರ್ಜೆಗೆ ಇಷ್ಟೇ ಸಾಕು. ಮೇಲಿನ ದರ್ಜೆಗೆ ಮೋರ್ಸ್ ಸಂಕೇತವನ್ನು ಕಳುಹಿಸಲೂ ಗ್ರಹಿಸಲೂ ಬರಬೇಕು. ಹತ್ತು ಮೇಜುಗಳ ಆರ್ಡರನ್ನು ಕಾಗದವಿಲ್ಲದೆ ನೆನಪಿಟ್ಟುಕೊಳ್ಳುವವನಿಗೆ ಇಪ್ಪತ್ತಾರು ಅಕ್ಷರಗಳ ಚುಕ್ಕೆ ಗೆರೆಗಳು ದೊಡ್ಡ ಭಾರವೆಂದು ನಾವು ಭಾವಿಸುವುದಿಲ್ಲ. ಇಂಗ್ಲಿಷಿನ ತೊಡಕು ಮಾತ್ರ ನಿಜ. ಅದಕ್ಕೆ ನಾಲ್ಕು ಜನ ಕೂಡಿ ಓದುವುದೇ ಮದ್ದು. ಹಿಂದೆ ನಮ್ಮವರು ರಾತ್ರಿಶಾಲೆಗಳಲ್ಲಿ ಓದಿದ್ದೂ ಹಾಗೆಯೇ. ತೇರ್ಗಡೆಯಾಗಿ ನಿಲಯದ ಲೈಸೆನ್ಸು ಪಡೆದವನಿಗೆ ವಿ.ಯು. ಎಂದು ಆರಂಭವಾಗುವ, ಜಗತ್ತಿನಲ್ಲಿ ಬೇರಾರಿಗೂ ಇಲ್ಲದ ಒಂದು ಕರೆಹೆಸರು ದೊರೆಯುತ್ತದೆ.

ಮೊಬೈಲ್ ಇರುವಾಗ ಇದೇಕೆ ಎಂದು ನಕ್ಕವರಿಗೆ 2005ರ ಜುಲೈ 26ನ್ನು ನೆನಪಿಸಿದೆವು. ಅಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ದಹಿಸರದ ನದಿಯು ಉಕ್ಕಿ ಮನೆಗಳಿಗೆ ನುಗ್ಗಿತ್ತು. ನಗರದ ಎಷ್ಟೋ ಕಡೆ ಫೋನುಗಳು ಮೂಕವಾಗಿದ್ದವು. ಅದಕ್ಕೆ ಏಳು ತಿಂಗಳ ಹಿಂದೆ ಅಂಡಮಾನಿಗೆ ಸುನಾಮಿ ಅಪ್ಪಳಿಸಿದಾಗ, ಅಲ್ಲಿದ್ದ ಹವ್ಯಾಸಿಗಳು ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದ್ದರು.

ಅದನ್ನು ಕೇಳಿ, ಆ ಪ್ರವಾಹದಲ್ಲಿ ಎರಡು ದಿನ ಊರಿಗೆ ಸುದ್ದಿ ಕಳುಹಿಸಲಾಗದೆ ಒದ್ದಾಡಿದ್ದ ಹಿರಿಯ ಅಡುಗೆಯವರೊಬ್ಬರು ಒಳಗಿನಿಂದ ಹೊರಬಂದು, ಕೈಯೊರಸಿಕೊಂಡು, ಪುಸ್ತಕವನ್ನು ಎತ್ತಿ ತಿರುವಿ ನೋಡಿದರು.