ಸುಡಾನಿಗೆ ಪಂಚರಾಗಿ ಹೋದ ಸುಕುಮಾರ ಸೇನರು

ಒಂದು ದೇಶದ ಚುನಾವಣೆಯು ನ್ಯಾಯವಾಗಿ ನಡೆಯಿತೇ ಎಂಬುದನ್ನು ನೋಡಲು ಹೊರನಾಡಿನವರು ಬಂದು ಕೂರುವ ಪದ್ಧತಿಯು ಈಗ ಸರ್ವಸಾಧಾರಣವಾಗಿದೆ. ಮನೆಯ ಪಾಲುಪಟ್ಟಿಗೆ ಪಕ್ಕದೂರಿನ ಪಂಚರನ್ನು ಕರೆಯುವ ನಮ್ಮ ನೆಲಮಂಗಲ, ಹೊಸಕೋಟೆಗಳ ಗ್ರಾಮಸ್ಥರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಪಂಚನ ಮನೆಯೇ ನೆಟ್ಟಗಿಲ್ಲದಿದ್ದರೆ ಅವನ ಮಾತನ್ನು ಕೇಳುವವರಾರು? ದಿವಂಗತ ಸುಕುಮಾರ ಸೇನರ ಚರಿತ್ರೆಯನ್ನು ನಾವು ವಾಚಕರ ಮುಂದಿಡುವುದು ಈ ಕಾರಣದಿಂದಲೇ.

ವಂಗದೇಶದವರಾದ ಸೇನರು ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗಮಾಡಿ, ಗಣಿತದಲ್ಲಿ ಸುವರ್ಣಪದಕವನ್ನು ಪಡೆದು, ಐ.ಸಿ.ಎಸ್. ಸೇರಿದರು. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಗಳಾಗಿದ್ದ ಅವರು 1950ರ ಮಾರ್ಚಿಯಲ್ಲಿ ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿ ನಿಯಮಿತರಾದರು. ಮತದಾರರು 17 ಕೋಟಿಗೂ ಮಿಗಿಲು. ಅವರಲ್ಲಿ ಬಹುಪಾಲು ಜನ ಅಕ್ಷರವರಿಯದವರು. ಆದುದರಿಂದ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ. ದೊಡ್ಡಬಳ್ಳಾಪುರದ ನೇಕಾರನೂ ದೇವನಹಳ್ಳಿಯ ಚಕ್ಕೋತದ ತೋಟದ ಆಳೂ ಜೋಡೆತ್ತನ್ನೋ ಮತ್ತೊಂದನ್ನೋ ಗುರುತಿಸಿ ಚೀಟಿಯನ್ನು ಹಾಕಿಬಂದರು. ಬೆರಳಿಗೆ ಅಳಿಸದ ಶಾಯಿಯ ಗುರುತೂ ಆಗಲೇ ಬಂದಿತು. ನಮ್ಮ ಮೈಸೂರಿನ ಕಾರ್ಖಾನೆಯು ಆ ಶಾಯಿಯನ್ನು ಒದಗಿಸತೊಡಗಿದ್ದು ತರುವಾಯ, 1962ರಲ್ಲಿ.

ಕಠಿನವಾದ ಪ್ರಸಂಗವೊಂದಿತ್ತು. ನಮ್ಮ ಸೀಮೆಯಲ್ಲಿ ಗಂಡನ ಹೆಸರನ್ನು ಹೇಳಲು ನಾಚುವ ಗೃಹಿಣಿಯರುಂಟು. ಉತ್ತರದ ಕೆಲವು ಪ್ರಾಂತಗಳಲ್ಲಾದರೋ ತಮ್ಮ ಹೆಸರನ್ನೇ ಹೇಳದೆ, ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಯಿಸಿದವರು ಲಕ್ಷಾಂತರ ಮಂದಿ. ಸ್ವಂತ ಹೆಸರಿಲ್ಲದ ಮತದಾರರನ್ನು ಸೇನರು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರ ನಮೂದುಗಳು ಪಟ್ಟಿಯಿಂದ ಹೋದುವು. ಅಷ್ಟು ಜನರ ಹಕ್ಕು ಒಂದು ಸಲಕ್ಕಾದರೂ ತಪ್ಪಿದುದು ನಮಗೆ ಇಂದಿಗೂ ಕಹಿಯಾಗಿಯೇ ತೋರುತ್ತದೆ. ಆದರೂ ಹೆಸರಿಲ್ಲದ ಪಟ್ಟಿಯು ಕಳ್ಳಮತಕ್ಕೆ ಹೆಬ್ಬಾಗಿಲೆಂಬುದನ್ನು ಅಲ್ಲಗಳೆಯಲಾರೆವು.

ಈ ಕಾರ್ಯವು ಮುಗಿದ ಮರುವರ್ಷವೇ ಸುಡಾನಿನಿಂದ ಕರೆ ಬಂದಿತು. ಆ ದೇಶವನ್ನು ಬ್ರಿಟನ್ನೂ ಈಜಿಪ್ಟೂ ಜಂಟಿಯಾಗಿ ಆಳುತ್ತಿದ್ದುವು. ಒಂದರ ಮೇಲೊಂದಕ್ಕೆ ನಂಬಿಕೆಯಿಲ್ಲ. 1953ರ ಫೆಬ್ರವರಿ 12ರ ಒಪ್ಪಂದದಂತೆ ಏಳು ಮಂದಿಯ ಚುನಾವಣಾ ಮಂಡಲಿಯೊಂದು ಏರ್ಪಟ್ಟಿತು: ಸುಡಾನಿಗಳು ಮೂವರು, ಬ್ರಿಟನ್, ಈಜಿಪ್ಟ್, ಅಮೆರಿಕಗಳಿಂದ ಒಬ್ಬೊಬ್ಬರು, ಅಧ್ಯಕ್ಷಪೀಠದಲ್ಲಿ ಭಾರತೀಯರಾದ ಸೇನರು. ಆರು ವರ್ಷಗಳ ಹಿಂದಿನವರೆಗೆ ಬ್ರಿಟಿಷರ ಅಧಿಕಾರಿಯಾಗಿದ್ದಾತನು ಬ್ರಿಟಿಷ್ ಪ್ರತಿನಿಧಿಯಿದ್ದ ಸಭೆಗೆ ಅಧ್ಯಕ್ಷನಾದುದನ್ನು ನೆನೆದರೆ ನಮಗೆ ಅಭಿಮಾನವುಂಟಾಗುತ್ತದೆ. ನವೆಂಬರ್, ಡಿಸೆಂಬರುಗಳಲ್ಲಿ ಮತದಾನ ನಡೆಯಿತು. 97 ಸ್ಥಾನಗಳಲ್ಲಿ 51 ಈಜಿಪ್ಟಿನೊಡನೆ ಐಕ್ಯವನ್ನು ಬಯಸಿದ ಪಕ್ಷಕ್ಕೆ ದೊರೆತುವು. ಬ್ರಿಟಿಷರಿಗೆ ಇದು ರುಚಿಸಲಿಲ್ಲ. ವಿಚಿತ್ರವೆಂದರೆ, ಅದೇ ಪಕ್ಷದ ನಾಯಕರಾದ ಇಸ್ಮಾಯಿಲ್ ಅಲ್ ಅಜ್ಹರಿಯವರು ಪ್ರಧಾನಿಯಾಗಿದ್ದಾಗ ಆ ಪಾರ್ಲಿಮೆಂಟು ಇಬ್ಬರು ಒಡೆಯರನ್ನೂ ಒಲ್ಲೆನೆಂದಿತು. 1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು.

ಸೇನರು 1957ರ ಚುನಾವಣೆಯನ್ನೂ ನಡೆಯಿಸಿ, 1958ರಲ್ಲಿ ಅಧಿಕಾರವನ್ನು ಬಿಟ್ಟು, ಬರ್ದ್ವಾನ್ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾಗಿದ್ದು, 1963ರಲ್ಲಿ ಕಾಲವಾದರು. 1955ರಲ್ಲಿ ಅಚ್ಚಾದ ಅವರ ಚುನಾವಣಾ ವರದಿಯಲ್ಲಿ ಪಟ್ಟಿಯಿಂದ ಹೋದ ಆ ಸ್ತ್ರೀಯರ ಲೆಕ್ಕವನ್ನೂ ಮುಚ್ಚಿಡದೆ ಕೊಟ್ಟಿದ್ದಾರೆ.