ಮಣ್ಣಿನಲ್ಲಿ ಮದ್ದನ್ನು ಅರಸಿದ ವಾಕ್ಸ್‌ಮನ್

ಕ್ಷಯವೆಂದರೆ ಮೃತ್ಯುವೆಂದೇ ಜನರು ನಡುಗುತ್ತಿದ್ದ ಕಾಲವೊಂದಿತ್ತು. ಆ ರೋಗದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಕಂಡುಹಿಡಿದಿದ್ದನು. ಆದರೆ ಅದನ್ನು ಅಡಗಿಸುವ ಮದ್ದಿಗಾಗಿ ಲೋಕವು ಮತ್ತೆ ಅರವತ್ತು ವರ್ಷ ಕಾಯಬೇಕಾಯಿತು. ಕೊನೆಗೆ ಅದು ದೊರೆತದ್ದು ನಾವು ದಿನವೂ ತುಳಿದು ನಡೆಯುವ ಮಣ್ಣಿನಲ್ಲಿ!

ಸೆಲ್ಮನ್ ವಾಕ್ಸ್‌ಮನ್ 1888ರಲ್ಲಿ ಯುಕ್ರೇನಿನ ಒಂದು ಚಿಕ್ಕ ಊರಿನಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿದನು. ಆ ನಾಡು ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿತ್ತು. 1910ರಲ್ಲಿ ಅಮೆರಿಕಕ್ಕೆ ವಲಸೆ ಬಂದು, ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿನಲ್ಲಿ ಓದಿ 1915ರಲ್ಲಿ ಪದವೀಧರನಾದನು. ಕ್ಯಾಲಿಫೋರ್ನಿಯದಲ್ಲಿ ಡಾಕ್ಟರೇಟ್ ಪಡೆದು, ಮರಳಿ ರಟ್ಗರ್ಸಿನಲ್ಲಿಯೇ ಅಧ್ಯಾಪಕನಾಗಿ ನೆಲೆಸಿದನು.

ಆತನ ಒಲವೆಲ್ಲ ಆಕ್ಟಿನೊಮೈಸೀಟ್ ಎಂಬ ಮಣ್ಣಿನ ಬ್ಯಾಕ್ಟೀರಿಯಗಳ ಮೇಲೆ. ಇವು ಬೂಷ್ಟಿನಂತೆ ಎಳೆಯೆಳೆಯಾಗಿ ಬೆಳೆಯುತ್ತವೆ. ಮೊದಲ ಮಳೆಗೆ ನೆಲದಿಂದೇಳುವ ಕಂಪಿಗೂ ಬಹುಮಟ್ಟಿಗೆ ಇವೇ ಕಾರಣ. 1939ರಲ್ಲಿ ಆತನ ಹಳೆಯ ಶಿಷ್ಯ ರೆನೆ ಡುಬೋಸ್ ಮಣ್ಣಿನ ಬ್ಯಾಕ್ಟೀರಿಯವೊಂದರಿಂದ ರೋಗಾಣುನಾಶಕ ವಸ್ತುವನ್ನು ತೆಗೆದನು. ಅದನ್ನು ಕಂಡು ವಾಕ್ಸ್‌ಮನ್ ಕ್ರಮಬದ್ಧ ಶೋಧನೆಗೆ ತೊಡಗಿದನು. ಮಣ್ಣನ್ನು ನೀರಿನಲ್ಲಿ ಕದಡಿ ಅಗರ್ ತಟ್ಟೆಗಳ ಮೇಲೆ ಹರಡುವುದು. ಬೆಳೆದ ಜೀವಿಗಳಲ್ಲಿ ಯಾವುದರ ಸುತ್ತ ರೋಗಾಣು ತಲೆಯೆತ್ತುವುದಿಲ್ಲವೋ ಅದನ್ನು ಆರಿಸುವುದು. ಅದರ ರಸವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು. ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. 1940ರಲ್ಲಿ ಆಕ್ಟಿನೊಮೈಸಿನ್ ದೊರೆಯಿತು. ಅದು ರೋಗಾಣುವಿನೊಡನೆ ಪ್ರಾಣಿಯನ್ನೂ ಕೊಲ್ಲುವಷ್ಟು ವಿಷಕಾರಿ. 1942ರ ಸ್ಟ್ರೆಪ್ಟೊಥ್ರೈಸಿನ್ನಿನ ಗತಿಯೂ ಹೆಚ್ಚುಕಡಮೆ ಅದೇ ಆಯಿತು.

1943ರ ಅಕ್ಟೋಬರಿನಲ್ಲಿ ಆಲ್ಬರ್ಟ್ ಷಾಟ್ಸ್ ಎಂಬ ಇಪ್ಪತ್ತಮೂರರ ಹರೆಯದ ಶಿಷ್ಯನು ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ದುಡಿಯುತ್ತಿರುವಾಗ ಸ್ಟ್ರೆಪ್ಟೊಮೈಸಿನ್ ಬೆಳಕಿಗೆ ಬಂದಿತು. ಪೆನಿಸಿಲಿನ್ನಿಗೆ ಬಗ್ಗದ ಕ್ಷಯದ ಕ್ರಿಮಿ ಇದಕ್ಕೆ ಬಗ್ಗಿತು. ಮೇಯೋ ಕ್ಲಿನಿಕ್ಕಿನ ಫೆಲ್ಡ್‌ಮನ್ ಮತ್ತು ಹಿನ್‌ಷಾ ಗಿನಿಯಿಲಿಗಳಲ್ಲಿ, ಬಳಿಕ ರೋಗಿಗಳಲ್ಲಿ ಇದರ ಗುಣವನ್ನು ಪರೀಕ್ಷಿಸಿದರು. ಇದೊಂದನ್ನೇ ಕೊಟ್ಟರೆ ಕ್ರಿಮಿಯು ಬೇಗನೆ ಮದ್ದಿಗೆ ಜಗ್ಗದಂತಾಗುವುದೆಂದೂ, ಬೇರೆ ಔಷಧಗಳೊಡನೆ ಕೊಡಬೇಕೆಂದೂ ಮುಂದೆ ತಿಳಿದುಬಂದಿತು.

ಅಮೃತದೊಡನೆ ವಿಷವೂ ಹುಟ್ಟಿತೆನ್ನಬೇಕು. ಕೀರ್ತಿಯೂ ಹಣವೂ ಗುರುವಿಗೇ ಸೇರುತ್ತಿವೆಯೆಂದು ಷಾಟ್ಸ್ 1950ರಲ್ಲಿ ನ್ಯಾಯಾಲಯದ ಮೊರೆಹೊಕ್ಕನು. ಅದೇ ವರ್ಷ ರಾಜಿಯಾಗಿ, ಆತನೂ ಸಹಸಂಶೋಧಕನೆಂದು ಒಪ್ಪಿಗೆಯಾಯಿತು. ರಾಯಧನದಲ್ಲಿ ಪಾಲೂ ದೊರೆಯಿತು. ಆದರೂ 1952ರ ನೊಬೆಲ್ ಬಹುಮಾನ ವಾಕ್ಸ್‌ಮನ್ನನೊಬ್ಬನಿಗೇ ಸಂದಿತು. ಔಷಧದ ರಾಯಧನದಿಂದ ರಟ್ಗರ್ಸಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸಂಸ್ಥೆಯೊಂದು 1954ರಲ್ಲಿ ತೆರೆಯಿತು. ವಾಕ್ಸ್‌ಮನ್ 1973ರಲ್ಲಿ ತೀರಿಕೊಂಡನು. ರಟ್ಗರ್ಸ್ ಷಾಟ್ಸನಿಗೆ ತನ್ನ ಪದಕವನ್ನಿತ್ತು ಗೌರವಿಸಿದ್ದು 1994ರಲ್ಲಿ.

ದಾರಿ ತೋರಿದವನು ಗುರು, ಆ ದಾರಿಯಲ್ಲಿ ನಡೆದು ನಿಧಿಯನ್ನು ಎತ್ತಿದವನು ಶಿಷ್ಯ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕಥೆ ಪೂರ್ಣವಾಗದು. ಪ್ರಯೋಗಶಾಲೆಯಲ್ಲಿ ಜೊತೆಗೂಡಿ ದುಡಿಯುವ ಗುರುಶಿಷ್ಯರೆಲ್ಲರೂ ಇದನ್ನು ನೆನಪಿನಲ್ಲಿಡುವುದು ಒಳಿತು.