ತಾತ್ಸಾರದಿಂದ ತಾಯ್ನುಡಿಯೆಡೆಗೆ: ಬೀಚಿ ಮತ್ತು ಎಳೆಯ ಬರಹಗಾರರು

ಸೃಜನಶೀಲ ಬರವಣಿಗೆಯಲ್ಲಿ ಆಸಕ್ತರಾದ ಯುವಕರಿಗೆ ಹಿರಿಯರು ನೀಡುವ ಸಲಹೆಗಳು ಸಾಮಾನ್ಯವಾಗಿ ವಸ್ತು, ತಂತ್ರ, ಶೈಲಿಗಳನ್ನು ಕುರಿತಿರುತ್ತವೆ. ಬರವಣಿಗೆಗೆ ಮೊದಲೇ ಎದುರಾಗುವ ತೊಡಕೊಂದನ್ನು ಅವು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ಮನೆಯ ಮಾತು ಸಾಹಿತ್ಯಕ್ಕೆ ಒದಗದು ಎಂಬ ಕೀಳರಿಮೆಯೇ ಆ ತೊಡಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳಿಗೆ ಇದನ್ನು ದಾಟಿದ ಲೇಖಕರೊಬ್ಬರು ತಮ್ಮ ನೆಲದಲ್ಲಿಯೇ ಸಿಗುತ್ತಾರೆ. ಅವರು ಬೀಚಿ ಎಂಬ ಹೆಸರಿನಿಂದ ಪ್ರಸಿದ್ಧರಾದ ರಾಯಸಂ ಭೀಮಸೇನರಾವ್. ಅವರ ಬದುಕನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೀಚಿಯವರು 1913ರ ಏಪ್ರಿಲ್ 23ರಂದು ಹರಪನಹಳ್ಳಿಯಲ್ಲಿ ಜನಿಸಿದರು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಊರು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಅವರ ಶಾಲಾ ವಿದ್ಯಾಭ್ಯಾಸವು ಎಸ್.ಎಸ್.ಎಲ್.ಸಿ.ಗೆ ನಿಂತಿತು. ಜೀವನೋಪಾಯಕ್ಕೆ ಪೊಲೀಸ್ ಇಲಾಖೆಯ ನೌಕರಿ ದೊರೆಯಿತು. ಮೇಲಿನ ಹಂತದ ಆಡಳಿತವು ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಬಳ್ಳಾರಿ ಪಟ್ಟಣದಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದುಗಳೂ ಬಳಕೆಯಲ್ಲಿದ್ದವು. ಇಂಥ ಪರಿಸರದಲ್ಲಿ ಬೆಳೆದ ಯುವಕನಿಗೆ ಇಂಗ್ಲಿಷ್ ಓದು ಹಿರಿಮೆಯಾಗಿಯೂ ಕನ್ನಡ ಪುಸ್ತಕ ತಾತ್ಸಾರದ ವಸ್ತುವಾಗಿಯೂ ಕಂಡದ್ದು ಆಶ್ಚರ್ಯವಲ್ಲ.

ಅ.ನ.ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಈ ಮನೋಭಾವವನ್ನು ಬದಲಿಸಿತು. ಅದನ್ನು ಓದಿದ ಬೀಚಿ ತಮ್ಮ ಹಿಂದಿನ ಅಸಡ್ಡೆಗೆ ನಾಚಿದರು, ಮುಂದೆ ಕನ್ನಡವನ್ನೇ ಓದುವ ನಿರ್ಧಾರಕ್ಕೆ ಬಂದರು, ಅ.ನ.ಕೃ. ಅವರನ್ನು ಗುರುವೆಂದು ಭಾವಿಸಿದರು. ಇಲ್ಲಿ ಘಟನೆಗಳ ಅನುಕ್ರಮವು ಮುಖ್ಯವಾದುದು. ಮೊದಲು ಒಂದು ಪುಸ್ತಕ, ಅನಂತರ ಪಟ್ಟುಹಿಡಿದ ಓದು, ಅದರ ಬೆನ್ನಿಗೆ ಬರವಣಿಗೆ. ಪದವಿಯಿಲ್ಲದ ಈ ಲೇಖಕರ ಪಾಲಿಗೆ ಓದೇ ವಿಶ್ವವಿದ್ಯಾಲಯವಾಯಿತು.

ಬರೆಯತೊಡಗಿದ ಮೇಲೆ ಅವರು ಒಂದೇ ಪ್ರಕಾರಕ್ಕೆ ಕಟ್ಟುಬೀಳಲಿಲ್ಲ. ‘ದಾಸಕೂಟ’, ‘ಸರಸ್ವತಿ ಸಂಹಾರ’ದಂಥ ಕಾದಂಬರಿಗಳು, ನಾಟಕಗಳು, ಹರಟೆಗಳು ಹೊರಬಂದವು. ಹುಬ್ಬಳ್ಳಿಯ ‘ವಿಶಾಲ ಕರ್ನಾಟಕ’ದಲ್ಲಿ ‘ಬೇವಿನಕಟ್ಟೆ ತಿಮ್ಮ’ ಅಂಕಣ ಬರೆದರು. ‘ಸುಧಾ’ ವಾರಪತ್ರಿಕೆಯ ‘ನೀವು ಕೇಳಿದಿರಿ?’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಅಂಕಣವು ಲೇಖಕನಿಗೆ ಎರಡು ಶಿಸ್ತುಗಳನ್ನು ಕಲಿಸುತ್ತದೆ: ನಿಗದಿತ ದಿನಕ್ಕೆ ಬರಹ ಸಿದ್ಧವಿರಬೇಕು, ಹೇಳಬೇಕಾದುದು ನಾಲ್ಕು ಸಾಲಿನಲ್ಲಿ ಮುಗಿಯಬೇಕು. ಬೀಚಿಯವರ ವಾಕ್ಯದ ಚುರುಕಿಗೆ ಈ ಅಭ್ಯಾಸವೂ ಒಂದು ಕಾರಣವೆನ್ನಬಹುದು.

ಅವರ ಪ್ರಸಿದ್ಧ ಪಾತ್ರ ತಿಮ್ಮನು ಪಂಡಿತನಲ್ಲ. ಅವನ ಪೆದ್ದುತನವು ಬುದ್ಧಿವಂತರ ಸೋಗನ್ನು ಬಯಲಿಗೆಳೆಯುತ್ತದೆ. ಆಡುಮಾತಿನ ಲಯವೇ ಇಲ್ಲಿ ವಿಡಂಬನೆಯ ಉಪಕರಣ. ಒಮ್ಮೆ ತಾವೇ ಕೀಳೆಂದು ಬಗೆದಿದ್ದ ನುಡಿಯಲ್ಲಿ ಅವರು ಸಮಾಜವಿಮರ್ಶೆಯ ಶಕ್ತಿಯನ್ನು ಕಂಡುಕೊಂಡರು. ಅಂಕಿತನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಎರಡನೆಯದನ್ನು ರೋಮನ್ ಲಿಪಿಯಲ್ಲಿಯೂ ಬರೆಯುತ್ತಿದ್ದ ಅವರ ರೂಢಿಯಲ್ಲಿ ಈ ಎರಡು ಭಾಷೆಗಳ ಹಳೆಯ ಜಗಳದ ಗುರುತು ಉಳಿದಿದೆ ಎಂದು ನನ್ನ ಊಹೆ.

ನಗೆಯ ಹಿಂದೆ ನೋವಿತ್ತು. ತಬ್ಬಲಿತನ, ಬಡತನಗಳ ಅನುಭವವನ್ನು ಒಳಗೊಂಡ ಆತ್ಮಕಥೆಗೆ ಅವರು ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಒಂದು ಅಕ್ಷರದ ಪಲ್ಲಟದಿಂದ ಜೀವನಚರಿತ್ರೆಯು ಭಯದ ಚರಿತ್ರೆಯಾಗುತ್ತದೆ. ಸ್ವಂತ ದುಃಖವನ್ನು ಅನುಕಂಪದ ಯಾಚನೆಯಾಗಿಸದೆ ಬರೆಯುವ ಬಗೆಯನ್ನು ಎಳೆಯರು ಇಲ್ಲಿ ಗಮನಿಸಬೇಕು. ಹಾಗೆಂದು ಅವರ ಬರಹವೆಲ್ಲ ಸಮಾನ ಮಟ್ಟದ್ದಲ್ಲ. ವಿಪುಲವಾಗಿ ಬರೆದವರಲ್ಲಿ ಕಾಣುವ ಪುನರುಕ್ತಿ ಇಲ್ಲಿಯೂ ಇದೆ; ಹೆಣ್ಣನ್ನು ಕುರಿತ ಕೆಲವು ಚಟಾಕಿಗಳು ಇಂದಿನ ಓದಿಗೆ ಒಗ್ಗುವುದಿಲ್ಲ. ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೂ ಬರವಣಿಗೆಯ ತರಬೇತಿಯ ಭಾಗವೇ.

1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. 1980ರ ಡಿಸೆಂಬರ್ 7ರಂದು ಬೀಚಿ ನಿಧನರಾದರು. ಕಾಲೇಜುಗಳಲ್ಲಿ ಅವರ ಹೆಸರು ಇಂದು ಹೆಚ್ಚಾಗಿ ನಗೆಹನಿಗಳ ಮೂಲಕವೇ ಕೇಳಿಬರುತ್ತದೆ. ತನ್ನ ಊರಿನ ಮಾತನ್ನು ಉತ್ತರಪತ್ರಿಕೆಯಲ್ಲಿ ಅಳಿಸಿ ಬರೆಯುವ ವಿದ್ಯಾರ್ಥಿಗೆ ಬೀಚಿಯವರ ನಗೆಹನಿಗಿಂತಲೂ ಅವರು ಕನ್ನಡಕ್ಕೆ ಮರಳಿದ ಕಥೆಯನ್ನು ಮೊದಲು ತಿಳಿಸಬೇಕಾಗಿದೆ. ಆ ಹೊಣೆ ಕನ್ನಡ ಅಧ್ಯಾಪಕರಾದ ನಮ್ಮದು.